ನೆಗಡಿ ಮಾತ್ರೆ, ಜ್ವರದ ಮಾತ್ರೆ, ಅಲರ್ಜಿ ಮಾತ್ರೆ: ಮೂರನ್ನೂ ಒಟ್ಟಿಗೆ ಕೊಡಬಹುದೇ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 68 ವರ್ಷ. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಮತ್ತು ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳುತ್ತಾರೆ. ನಿನ್ನೆಯಿಂದ ಅವರಿಗೆ ನೆಗಡಿ, ಮೈಕೈ ನೋವು ಮತ್ತು ಸಣ್ಣ ಜ್ವರವಿದೆ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ನೆಗಡಿ ಮಾತ್ರೆಯ ಮೇಲೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಫಿನೈಲೆಫ್ರಿನ್ 10 ಮಿ.ಗ್ರಾಂ ಹಾಗೂ ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ ಎಂದು ಬರೆದಿದೆ. ಜ್ವರಕ್ಕೆಂದು ಮನೆಯಲ್ಲಿ ಡೋಲೋ 650 ಇದೆ. ಧೂಳಿನ ಅಲರ್ಜಿಗೆ ಹಿಂದೊಮ್ಮೆ ವೈದ್ಯರು ಬರೆದುಕೊಟ್ಟಿದ್ದ ಮಾಂಟೆಲುಕಾಸ್ಟ್ ಮತ್ತು ಲೆವೊಸೆಟಿರಿಜಿನ್ ಸೇರಿದ ರಾತ್ರಿಯ ಮಾತ್ರೆಗಳೂ ಉಳಿದಿವೆ. ಒಂದು ನೆಗಡಿಗೆ, ಇನ್ನೊಂದು ಜ್ವರಕ್ಕೆ, ಮತ್ತೊಂದು ಅಲರ್ಜಿಗೆ ಇರುವುದರಿಂದ ಮೂರನ್ನೂ ಕೊಡಬಹುದು ಎಂಬುದು ನಮ್ಮ ಅಣ್ಣನ ವಾದ. ನನಗೆ ಅನುಮಾನವಿರುವುದರಿಂದ ಇನ್ನೂ ಯಾವುದನ್ನೂ ಕೊಟ್ಟಿಲ್ಲ. ಅಕ್ಕನ ಮೂರು ವರ್ಷದ ಮಗಳಿಗೂ ಮೂಗು ಸೋರುತ್ತಿದೆ. ಇದೇ ಔಷಧ ಮಕ್ಕಳಿಗೆ ಡ್ರಾಪ್ಸ್ ರೂಪದಲ್ಲಿ ಸಿಗುತ್ತದೆ ಎನ್ನುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಔಷಧಶಾಲೆ:

ನಾನು ಫಾರ್ಮಸಿಸ್ಟ್. ನಿಮ್ಮ ಅನುಮಾನ ಸರಿಯಾಗಿದೆ. ಮಾತ್ರೆಗಳನ್ನು ಅವು ಯಾವ ಕಾಯಿಲೆಗೆ ಎಂಬ ಹೆಸರಿನಿಂದ ಲೆಕ್ಕ ಹಾಕದೆ, ಒಳಗೆ ಏನಿದೆ ಎಂಬುದರಿಂದ ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ನಿಮ್ಮ ಕೈಯಲ್ಲಿರುವುದು ಮೂರು ಬೇರೆ ಬೇರೆ ಔಷಧಗಳಲ್ಲ. ನೆಗಡಿ ಮಾತ್ರೆಯಲ್ಲಿಯೂ ಡೋಲೋದಲ್ಲಿಯೂ ಇರುವುದು ಒಂದೇ ಪ್ಯಾರಾಸಿಟಮಾಲ್. ಕ್ಲೋರ್‌ಫೆನಿರಮಿನ್ ಮತ್ತು ಲೆವೊಸೆಟಿರಿಜಿನ್ ಎರಡೂ ದೇಹದಲ್ಲಿ ಅಲರ್ಜಿ ಲಕ್ಷಣ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವ ಒಂದೇ ಗುಂಪಿನವು.

ಅಂಕಿಗಳಲ್ಲಿ ಹೇಳುವುದಾದರೆ, ದಿನಕ್ಕೆ ಮೂರು ಬಾರಿ ಎರಡನ್ನೂ ಕೊಟ್ಟರೆ ಪ್ಯಾರಾಸಿಟಮಾಲ್ ಪ್ರಮಾಣ 1500 ಮತ್ತು 1950 ಸೇರಿ 3450 ಮಿ.ಗ್ರಾಂ ಆಗುತ್ತದೆ, ನಾಲ್ಕು ಬಾರಿಯಾದರೆ 4600. ಆರೋಗ್ಯವಂತ ವಯಸ್ಕರಿಗೇ ದಿನದ ಗರಿಷ್ಠ ಮಿತಿ 4000 ಮಿ.ಗ್ರಾಂ. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ ಮತ್ತು ಮದ್ಯ ಸೇವಿಸುವವರಿಗೆ ಅನೇಕ ವೈದ್ಯರು 3000ಕ್ಕೇ ನಿಲ್ಲಿಸುತ್ತಾರೆ. ಮಿತಿ ಮೀರಿದ ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡುತ್ತದೆ. ಮೊದಲ ದಿನ ವಾಂತಿ, ಸುಸ್ತು ಬಿಟ್ಟರೆ ಹೆಚ್ಚೇನೂ ಕಾಣಿಸದೆ ಹೋಗಬಹುದು ಎಂಬುದೇ ಅದರ ಅಪಾಯ.

ನಮ್ಮ ಅಂಗಡಿಗಳ ಒಂದು ರೂಢಿಯ ಬಗ್ಗೆಯೂ ಹೇಳಬೇಕು. ನಾಲ್ಕು ಮಾತ್ರೆ ಸಾಕೆಂದರೆ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾರೆ. ಘಟಕಗಳ ವಿವರ ಮತ್ತು ಅವಧಿ ಮುಗಿಯುವ ದಿನಾಂಕ ಹಲವು ಬಾರಿ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತವೆ. ಕತ್ತರಿಸುವ ಮೊದಲೇ ಇಡೀ ಸ್ಟ್ರಿಪ್ಪಿನ ಹಿಂಬದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಒಂದೇ ಬ್ರ್ಯಾಂಡಿನ ಹೆಸರಿಗೆ 'ಪ್ಲಸ್', 'ಕೋಲ್ಡ್' ಎಂಬ ಬಾಲ ಸೇರಿದರೆ ಒಳಗಿನ ಔಷಧವೇ ಬದಲಾಗಿರಬಹುದು, ಆದ್ದರಿಂದ ಹೆಸರು ನೆನಪಿಟ್ಟುಕೊಂಡು ಕೇಳುವುದು ಸಾಲದು.

ಮಲೆನಾಡಿಗ:

ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ನಮ್ಮ ಮನೆಯಲ್ಲಿ ಮಳೆಗಾಲ ಬಂತೆಂದರೆ ಎಲ್ಲರೂ ಈ ಸಂಯುಕ್ತ ಮಾತ್ರೆಗಳನ್ನೇ ತೆಗೆದುಕೊಳ್ಳುತ್ತೇವೆ ಮತ್ತು ಗುಣವೂ ಕಾಣುತ್ತದೆ. ಒಂದೇ ಮಾತ್ರೆಯಲ್ಲಿ ಸಿಗುವುದನ್ನು ಮೂರು ಮಾತ್ರೆಯಾಗಿ ಏಕೆ ಕೊಳ್ಳಬೇಕು? ಸರ್ಕಾರವೇ ಮಾರಲು ಬಿಟ್ಟಿರುವ ಔಷಧವಲ್ಲವೇ?

ನಿವೃತ್ತ ವೈದ್ಯ:

ಮಲೆನಾಡಿಗರ ಮಾತಿನಲ್ಲಿ ಅರ್ಧ ಸತ್ಯವಿದೆ. ಆರೋಗ್ಯವಂತ ವಯಸ್ಕರಿಗೆ ಇಂಥ ಮಾತ್ರೆಗಳಿಂದ ಎರಡು ಮೂರು ದಿನ ಸ್ವಲ್ಪ ಉಪಶಮನ ಸಿಗುತ್ತದೆ. ಪ್ಯಾರಾಸಿಟಮಾಲ್ ಮೈಕೈ ನೋವನ್ನು ಇಳಿಸುತ್ತದೆ, ಕ್ಲೋರ್‌ಫೆನಿರಮಿನ್ ಸೋರುವ ಮೂಗನ್ನು ಒಣಗಿಸಿ ನಿದ್ದೆ ಬರಿಸುತ್ತದೆ. ನೆಗಡಿಯಾದರೋ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಆದರೆ ಮಾರಾಟಕ್ಕಿದೆ ಎಂಬುದೇ ಪ್ರಮಾಣಪತ್ರವಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಅವೆಲ್ಲವೂ ಅದಕ್ಕೆ ಮೊದಲು ನಮ್ಮ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವೇ.

ಈಗ ಫಿನೈಲೆಫ್ರಿನ್ ವಿಷಯ. ಕಟ್ಟಿದ ಮೂಗನ್ನು ಬಿಡಿಸಲೆಂದು ಅದನ್ನು ಸೇರಿಸುತ್ತಾರೆ. ಆದರೆ ನುಂಗಿದ ಫಿನೈಲೆಫ್ರಿನ್‌ನ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಒಡೆದುಹೋಗುವುದರಿಂದ ಮೂಗಿನವರೆಗೆ ತಲುಪುವುದು ಅಲ್ಪ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ, ಬಾಯಿಯ ಮೂಲಕ ಕೊಡುವ ಫಿನೈಲೆಫ್ರಿನ್ ಮೂಗು ಕಟ್ಟುವುದಕ್ಕೆ ಪರಿಣಾಮಕಾರಿಯಲ್ಲ ಎಂದು ಒಮ್ಮತದಿಂದ ಹೇಳಿತು; 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾಪವನ್ನು ಮುಂದಿಟ್ಟಿತು. ನಮ್ಮಲ್ಲಂತೂ ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಅದು ಇಂದಿಗೂ ಇದೆ.

ನಿಮ್ಮ ತಂದೆಯವರ ಮಟ್ಟಿಗೆ ಹೇಳುವುದಾದರೆ, ಈ ಸಂಯುಕ್ತ ಮಾತ್ರೆಯನ್ನೇ ನಾನು ಬಿಡಿಸುತ್ತೇನೆ. ಅವರು ತೆಗೆದುಕೊಳ್ಳುತ್ತಿರುವ ಟ್ಯಾಮ್ಸುಲೋಸಿನ್ ಮೂತ್ರಕೋಶದ ಬಾಯಿಯ ಸ್ನಾಯುವನ್ನು ಸಡಿಲಿಸುತ್ತದೆ. ಫಿನೈಲೆಫ್ರಿನ್ ಅದೇ ಜಾಗವನ್ನು ಬಿಗಿಗೊಳಿಸುವ ಜಾತಿಯದು. ಕ್ಲೋರ್‌ಫೆನಿರಮಿನ್ ಇನ್ನೊಂದು ಕಡೆಯಿಂದ ಮೂತ್ರಕೋಶದ ಸಂಕೋಚನವನ್ನೇ ದುರ್ಬಲಗೊಳಿಸುತ್ತದೆ. ಪ್ರಾಸ್ಟೇಟ್ ದೊಡ್ಡದಾಗಿರುವ ಹಿರಿಯರು ನೆಗಡಿ ಮಾತ್ರೆ ನುಂಗಿ, ರಾತ್ರಿ ಮೂತ್ರ ಕಟ್ಟಿಕೊಂಡು ತುರ್ತು ವಿಭಾಗಕ್ಕೆ ಬರುವುದು ವೈದ್ಯರಿಗೆ ಹೊಸ ದೃಶ್ಯವಲ್ಲ. ಮೂಗಿನ ಬಿಗಿತ ಬಿಡಿಸುವ ಔಷಧಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ತಲೆಮಾರಿನ ಅಲರ್ಜಿ ಔಷಧಗಳು ವಯಸ್ಸಾದವರಲ್ಲಿ ಮಂಪರು ಮತ್ತು ಗೊಂದಲ ತರಬಹುದು, ನಡೆಯುವಾಗ ತೂಕ ತಪ್ಪಿ ಬೀಳಲು ಕಾರಣವಾಗಬಹುದು, ಒಂದು ಬಗೆಯ ಗ್ಲಾಕೋಮಾ ಇರುವವರಲ್ಲಿ ಕಣ್ಣಿನ ಒತ್ತಡವನ್ನು ಒಮ್ಮೆಲೇ ಏರಿಸಬಹುದು. ಅದರ ಮೇಲೆ ರಾತ್ರಿ ಲೆವೊಸೆಟಿರಿಜಿನ್ ಸೇರಿದರೆ ಮಂಪರು ಇಮ್ಮಡಿಯಾದೀತೇ ಹೊರತು ನೆಗಡಿಗೆ ಲಾಭವಿಲ್ಲ.

ಹಾಗಾದರೆ ಏನು ಕೊಡಬೇಕು? ಜ್ವರ, ನೋವು ಇದ್ದಾಗ ಪ್ಯಾರಾಸಿಟಮಾಲ್ ಮಾತ್ರ ಸಾಕು. ಎರಡು ಮಾತ್ರೆಗಳ ನಡುವೆ ಆರು ಗಂಟೆಯ ಅಂತರವಿರಲಿ. ಕಟ್ಟಿದ ಮೂಗಿಗೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳನ್ನು ದಿನಕ್ಕೆ ಹಲವು ಬಾರಿ ಹಾಕಬಹುದು. ಮನೆಯಲ್ಲೇ ಮೂಗು ತೊಳೆಯುವ ರೂಢಿಯಿದ್ದರೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ನಲ್ಲಿಯ ನೀರನ್ನು ನೇರವಾಗಿ ಎಂದಿಗೂ ಬಳಸಬಾರದು. ಕ್ಸೈಲೋಮೆಟಜೋಲಿನ್ ಹನಿಗಳು ನಿಜವಾಗಿಯೂ ಮೂಗನ್ನು ಬಿಡಿಸುತ್ತವೆ, ಆದರೆ ಮೂರರಿಂದ ಐದು ದಿನ ಮೀರಿದರೆ ಹನಿ ಹಾಕದಿದ್ದಾಗ ಮೂಗು ಮೊದಲಿಗಿಂತ ಹೆಚ್ಚು ಕಟ್ಟಲು ಶುರುವಾಗುತ್ತದೆ. ರಕ್ತದೊತ್ತಡ ಇರುವುದರಿಂದ ನಿಮ್ಮ ವೈದ್ಯರನ್ನು ಕೇಳಿಯೇ ಬಳಸಿ.

ನೆಗಡಿಯೋ ಅಲರ್ಜಿಯೋ ಎಂಬುದನ್ನೂ ಬೇರ್ಪಡಿಸಬೇಕು. ಜ್ವರ, ಗಂಟಲು ನೋವು, ಮೈಕೈ ನೋವು ಇದ್ದರೆ ಅದು ಬಹುತೇಕ ವೈರಾಣುವಿನ ನೆಗಡಿ. ಜ್ವರವಿಲ್ಲದೆ ಬೆಳಗಿನ ಸಾಲುಸಾಲು ಸೀನು, ಮೂಗು ಕಣ್ಣುಗಳ ತುರಿಕೆ, ನೀರಿನಂತೆ ಸೋರುವ ಮೂಗು ವಾರಗಟ್ಟಲೆ ಮುಂದುವರಿದರೆ ಅದು ಅಲರ್ಜಿ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಹಬ್ಬಿರುವ ಪಾರ್ಥೇನಿಯಂ, ಹಾಸಿಗೆಯ ಧೂಳುಹುಳು ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಅಲರ್ಜಿ ಬಹುಕಾಲ ಕಾಡುವವರಿಗೆ ಮಾತ್ರೆಗಿಂತ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಮೂಗಿನ ಸ್ಪ್ರೇ ಹೆಚ್ಚು ಫಲಕಾರಿ. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಬೇಕಾಗುವುದರಿಂದ ಜನರು ನಾಲ್ಕು ದಿನಕ್ಕೇ ಬೇಸತ್ತು ಬಿಟ್ಟುಬಿಡುತ್ತಾರೆ. ಉಳಿದಿರುವ ಮಾಂಟೆಲುಕಾಸ್ಟ್ ಮಾತ್ರೆಯನ್ನು ನೆಗಡಿಗೆಂದು ಕೊಡಬೇಡಿ. ಮನಸ್ಸಿನ ಮೇಲೆ ಆಗಬಹುದಾದ ದುಷ್ಪರಿಣಾಮಗಳ ಕುರಿತು 2020ರಲ್ಲಿ ಎಫ್‌ಡಿಎ ಅದಕ್ಕೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ವಿಧಿಸಿದೆ. ನಮ್ಮಲ್ಲಿ ಅದನ್ನು ಸಾಮಾನ್ಯ ನೆಗಡಿಗೂ ಧಾರಾಳವಾಗಿ ಬರೆಯುವುದು ನನಗೆ ಸರಿಕಾಣುವುದಿಲ್ಲ.

ಉಸಿರಾಟಕ್ಕೆ ಕಷ್ಟ, ಎದೆನೋವು, ಮೂರು ದಿನ ಮೀರಿದ ಜ್ವರ, ಮೂತ್ರ ಹೋಗಲು ತಡೆ, ಇವುಗಳಲ್ಲಿ ಯಾವುದು ಕಂಡರೂ ಇಲ್ಲಿ ಉತ್ತರಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ.

ಮಕ್ಕಳ ವಾರ್ಡ್ ಶುಶ್ರೂಷಕಿ:

ಮಗುವಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಆ ಡ್ರಾಪ್ಸ್ ಕೊಡಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರ್‌ನಲ್ಲಿ ಭಾರತದ ಔಷಧ ನಿಯಂತ್ರಕರು ಸೂಚಿಸಿದ್ದಾರೆ. ಮಧ್ಯಪ್ರದೇಶದಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತ ಪ್ರಕರಣ ಹೊರಬಂದಾಗ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಔಷಧ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ತಿಳಿಸಿತು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ಅದೂ ತೂಕದ ಲೆಕ್ಕದಲ್ಲಿ: ಪ್ರತಿ ಕಿಲೋಗೆ ಒಂದು ಬಾರಿಗೆ 10ರಿಂದ 15 ಮಿ.ಗ್ರಾಂ. ಇಲ್ಲಿ ಮನೆಮಂದಿ ಎಡವುವುದು ಡ್ರಾಪ್ಸ್ ಮತ್ತು ಸಿರಪ್ ನಡುವೆ. ಸಾಮಾನ್ಯವಾಗಿ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀಗೆ 100 ಮಿ.ಗ್ರಾಂ ಇದ್ದರೆ, ಸಿರಪ್‌ನಲ್ಲಿ ಐದು ಮಿ.ಲೀಗೆ 120, 125 ಅಥವಾ 250 ಮಿ.ಗ್ರಾಂ ಇರುತ್ತದೆ. ಸಿರಪ್ ಎಂದುಕೊಂಡು ಐದು ಮಿ.ಲೀ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿ.ಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆ. ಅಡುಗೆಮನೆಯ ಚಮಚ ಬೇಡ, ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು, ಆದರೆ ಒಂದು ವರ್ಷ ತುಂಬದ ಮಗುವಿಗೆ ಅದೂ ಸಲ್ಲದು.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ಅಣ್ಣನಿಗೆ 3450ರ ಲೆಕ್ಕ ಓದಿ ಹೇಳಿದೆ, ವಾದ ಅಲ್ಲಿಗೆ ನಿಂತಿತು. ಇನ್ನೊಂದು ಸಂದೇಹ: ಅಣ್ಣನಿಗೆ ಅಲರ್ಜಿ ಇರುವುದು ನಿಜ, ಅವನು ದಿನವೂ ಬೈಕ್ ಓಡಿಸುತ್ತಾನೆ. ಅವನು ಯಾವುದನ್ನು ತೆಗೆದುಕೊಳ್ಳಬಹುದು?

ಔಷಧಶಾಲೆ:

ಸೆಟಿರಿಜಿನ್, ಲೆವೊಸೆಟಿರಿಜಿನ್‌ಗಳು ಕ್ಲೋರ್‌ಫೆನಿರಮಿನ್‌ನಷ್ಟು ಅಲ್ಲದಿದ್ದರೂ ಕೆಲವರಿಗೆ ತೂಕಡಿಕೆ ತರುತ್ತವೆ, ಮೂತ್ರಪಿಂಡದ ತೊಂದರೆ ಇದ್ದರೆ ಅವುಗಳ ಪ್ರಮಾಣವನ್ನೂ ತಗ್ಗಿಸಬೇಕು. ಹಗಲಿನಲ್ಲಿ ವಾಹನ ಓಡಿಸುವವರಿಗೆ ಫೆಕ್ಸೊಫೆನಡಿನ್ ಒಳ್ಳೆಯ ಆಯ್ಕೆ. ಅದನ್ನು ಹಣ್ಣಿನ ರಸದ ಜೊತೆ ನುಂಗಿದರೆ ದೇಹಕ್ಕೆ ಹೀರಿಕೆಯಾಗುವುದು ಕಡಿಮೆಯಾಗುತ್ತದೆ, ಬರಿಯ ನೀರಿನಲ್ಲೇ ತೆಗೆದುಕೊಳ್ಳಲಿ. ಯಾವುದಾದರೂ ಸರಿ, ಮೊದಲ ಮಾತ್ರೆಯನ್ನು ರಜೆಯ ದಿನ ನುಂಗಿ, ನಿದ್ದೆ ಬರುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಬೈಕ್ ಹತ್ತಲಿ.