ಎಲ್‌ಎಲ್‌ಬಿ ಮೊದಲ ವರ್ಷ ಹೇಗೆ ಓದಿದಿರಿ? ನಿಮ್ಮ ಅನುಭವ ಹೇಳಿ

ಕೇಳಿದವರು
ನಮಸ್ಕಾರ. ನಾನು ಹಾವೇರಿ ಕಡೆಯವಳು. ಬಿಎವರೆಗೂ ಕನ್ನಡ ಮಾಧ್ಯಮ. ಮೂರು ವರ್ಷದ ಎಲ್‌ಎಲ್‌ಬಿ ಸೇರಿ ಎರಡು ತಿಂಗಳಾಯಿತು. ಕಾಂಟ್ರಾಕ್ಟ್ (ಕರಾರು), ಟಾರ್ಟ್ (ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು), ಕ್ರಿಮಿನಲ್ ಲಾ, ಸಂವಿಧಾನ, ಫ್ಯಾಮಿಲಿ ಲಾ ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದ ಹಾಗಿದೆ. ಕ್ಲಾಸಿನಲ್ಲಿ ಅರ್ಥ ಆಗುತ್ತದೆ, ರೂಮಿಗೆ ಬಂದು ಪುಸ್ತಕ ತೆಗೆದರೆ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಸೀನಿಯರ್ಸ್ ಕೇಳಿದರೆ "ಸುಮ್ನೆ ಗೈಡ್ ತಗೋ, ಪಾಸಾಗ್ತೀಯ" ಅಂತಾರೆ. ಪಾಸಾಗುವುದಷ್ಟೇ ಅಲ್ಲ, ಮುಂದೆ ಪ್ರಾಕ್ಟೀಸ್ ಮಾಡುವ ಆಸೆ ಇದೆ. ನೀವೆಲ್ಲ ಹೇಗೆ ಓದಿದಿರಿ?

ಧಾರವಾಡ, ಫೈನಲ್ ಇಯರ್
ನಾನು ಮೊದಲ ಸೆಮಿಸ್ಟರ್ ಗೈಡ್ ನಂಬಿಕೊಂಡೇ ಬರೆದೆ. ಕಾಂಟ್ರಾಕ್ಟ್ ಹೋಯಿತು. ಯಾಕೆ ಅಂದರೆ ಗೈಡಿನಲ್ಲಿ ಇದ್ದದ್ದು ಉತ್ತರ, ಪೇಪರಿನಲ್ಲಿ ಬಂದದ್ದು ಪ್ರಾಬ್ಲಮ್. ಅದೇ ವಿಷಯ, ಆದರೆ ಹೆಸರು ಬೇರೆ, ಊರು ಬೇರೆ, ಒಂದು ಸಣ್ಣ ಸಂಗತಿ ಬೇರೆ. ಆ ಸಣ್ಣ ಸಂಗತಿಯಲ್ಲೇ ಎಲ್ಲಾ ಇರುತ್ತದೆ.

ಎರಡನೇ ಸಲ ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದ ಕಾಯ್ದೆಯ ಮೂಲ ಪಠ್ಯ, ಇಟ್ಟುಕೊಂಡು ಕೂತೆ. 1872ರ ಕಾಂಟ್ರಾಕ್ಟ್ ಆಕ್ಟ್‌ನಲ್ಲಿ ಒಂದು ಅನುಕೂಲ ಇದೆ, ಸೆಕ್ಷನ್‌ಗಳ ಕೆಳಗೇ ಸಣ್ಣ ಸಣ್ಣ ಉದಾಹರಣೆ ಕೊಟ್ಟಿದ್ದಾರೆ, "ಎ ಎಂಬುವನು ಬಿ ಎಂಬುವನಿಗೆ ಮನೆ ಮಾರಲು ಒಪ್ಪುತ್ತಾನೆ" ಅನ್ನುವ ಥರ. ನಾವು ಅದನ್ನು ಹಾರಿಸಿ ಮುಂದೆ ಹೋಗುತ್ತೇವೆ. ಹೋಗಬೇಡಿ, ಮೊದಲು ಓದಬೇಕಾದದ್ದೇ ಅದು. ಸೆಕ್ಷನ್ 2 ಮತ್ತು 10, ಈ ಎರಡನ್ನು ಬಾಯಿಪಾಠ ಅಲ್ಲ, ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಪ್ರಸ್ತಾವ, ಒಪ್ಪಿಗೆ, ಪ್ರತಿಫಲ. ಸಂತೆಯಲ್ಲಿ ಎತ್ತು ಕೊಳ್ಳುವವನಿಗೆ ಇದೆಲ್ಲ ಗೊತ್ತೇ ಇದೆ, ನಮಗೆ ಹೆಸರು ಮಾತ್ರ ಹೊಸದು.

ಆಮೇಲೆ ಕೇಸ್. ಕೇಸನ್ನು ಕತೆಯ ಹಾಗೆ ಯಾರಿಗಾದರೂ ಹೇಳಿ. ನಾನು ಅವ್ವನಿಗೆ ಲಾಲ್ಮನ್ ಶುಕ್ಲಾ ಕೇಸ್ ಹೇಳಿದ್ದೆ. 1913ರದು, ಅಲಹಾಬಾದ್ ಹೈಕೋರ್ಟ್. ಯಜಮಾನನ ಮನೆಯ ಹುಡುಗ ಕಾಣೆಯಾದ, ಮುನೀಮನನ್ನು ಹುಡುಕಲು ಹರಿದ್ವಾರದ ಕಡೆ ಕಳಿಸಿದರು. ಅವನು ಹೊರಟ ಮೇಲೆ ಇತ್ತ ಯಜಮಾನ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿದ. ಮುನೀಮ ಹುಡುಗನನ್ನು ಹುಡುಕಿದ, ಆದರೆ ಆಗ ಅವನಿಗೆ ಬಹುಮಾನದ ವಿಷಯ ಗೊತ್ತಿರಲಿಲ್ಲ. ದಾವೆ ಹಾಕಿದ, ಸೋತ. ಗೊತ್ತೇ ಇಲ್ಲದ ಪ್ರಸ್ತಾವಕ್ಕೆ ಒಪ್ಪಿಗೆ ಕೊಡುವುದು ಹೇಗೆ? ಅವ್ವ "ಪಾಪ, ಇದು ಅನ್ಯಾಯ" ಅಂದಳು. ಅವಳ ಜೊತೆ ಅರ್ಧ ಗಂಟೆ ವಾದ ಮಾಡಿದೆ ನೋಡಿ, ಅದೇ ನನ್ನ ರಿವಿಜನ್. ಇವತ್ತಿಗೂ ಮರೆತಿಲ್ಲ.

ಮಂಗಳೂರು, ವಕೀಲೆ, ಒಂಬತ್ತು ವರ್ಷ
ಮೇಲಿನವರು ಹೇಳಿದ್ದು ಸರಿ. ಸಂವಿಧಾನದ ಬಗ್ಗೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನು ಸುಲಭ ಅಂದುಕೊಂಡು ಕೊನೆಗೆ ಇಡುತ್ತಾರೆ.

ವಿಧಿಗಳ ನಂಬರ್ ಉರು ಹೊಡೆದರೆ ಸಾಲದು. ಒಂದೊಂದು ವಿಧಿ ವರ್ಷ ಕಳೆದ ಹಾಗೆ ಹೇಗೆ ಬೆಳೆಯಿತು ಅಂತ ನೋಡಬೇಕು. 21ನೇ ವಿಧಿ ತಗೊಳ್ಳಿ, ಕಾನೂನು ಹೇಳಿದ ವಿಧಾನದಲ್ಲಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಅನ್ನುವುದು. 1950ರ ಗೋಪಾಲನ್ ತೀರ್ಪಿನಲ್ಲಿ, ಕಾನೂನು ಒಂದು ವಿಧಾನ ಹೇಳಿದ್ದರೆ ಮುಗಿಯಿತು. 1978ರ ಮೇನಕಾ ಗಾಂಧಿ ಕೇಸಿಗೆ ಬಂದಾಗ, ಆ ವಿಧಾನ ನ್ಯಾಯಯುತವಾಗಿಯೂ ಇರಬೇಕು ಅಂತಾಯಿತು. 2017ರಲ್ಲಿ ಪುಟ್ಟಸ್ವಾಮಿ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಅದರೊಳಗೆ ಇದೆ ಅಂದಿತು. ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಈ ಮೂರನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಡಿ.

ಇನ್ನೊಂದು, ನಮ್ಮ ಕಡೆಯ ಕೇಸುಗಳಿಂದ ಶುರು ಮಾಡಿದರೆ ತಲೆಗೆ ಬೇಗ ಹತ್ತುತ್ತದೆ. ಸಂಸತ್ತು ತಿದ್ದುಪಡಿ ತಂದರೂ ಸಂವಿಧಾನದ ಮೂಲ ಸ್ವರೂಪ ಬದಲಿಸುವಂತಿಲ್ಲ ಅನ್ನುವ ಸಿದ್ಧಾಂತ ಬಂದದ್ದು 1973ರ ಕೇಶವಾನಂದ ಭಾರತಿ ಕೇಸಿನಿಂದ, 13 ನ್ಯಾಯಮೂರ್ತಿಗಳು, 7-6ರ ತೀರ್ಪು. ಆ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ನಮ್ಮ ಮಂಗಳೂರಿನಿಂದ ದೂರವೇನಿಲ್ಲ. ಹಾಗೆಯೇ ಬೊಮ್ಮಾಯಿ ಕೇಸ್, 1994. ಬಹುಮತ ಇದೆಯೋ ಇಲ್ಲವೋ ಅಂತ ನೋಡಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಟಿವಿಯಲ್ಲಿ ವಿಶ್ವಾಸಮತ ಅಂತ ಗಲಾಟೆ ಬಂದಾಗಲೆಲ್ಲ ಇದು ನೆನಪಾಗುತ್ತದೆ, ಪರೀಕ್ಷೆಗೆ ಬೇರೆ ಓದಬೇಕಾಗಿಲ್ಲ.

ಫ್ಯಾಮಿಲಿ ಲಾದಲ್ಲೂ ಅಷ್ಟೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಅಂದ ಕೂಡಲೇ ಎಲ್ಲರೂ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ 2005ರ ತಿದ್ದುಪಡಿ ಅಂತ ಬರೆಯುತ್ತಾರೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಈ ಒಂದು ಸಾಲು ಬರೆದರೆ ಪೇಪರ್ ನೋಡುವವರು ಪೆನ್ನು ನಿಲ್ಲಿಸಿ ಓದುತ್ತಾರೆ.

ಕೇಳಿದವರು
ಅಕ್ಕ, ಅಣ್ಣ, ತುಂಬಾ ಥ್ಯಾಂಕ್ಸ್. ಒಂದು ಡೌಟು. ಪರಿಚಯದವರೊಬ್ಬರು ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಪುಸ್ತಕ ಕೊಟ್ಟಿದ್ದಾರೆ, ದಪ್ಪದ್ದು. ಓದಬಹುದಾ?

ಅಂಗಡಿ ನೋಡಿಕೊಂಡು 41ರಲ್ಲಿ ಎಲ್‌ಎಲ್‌ಬಿ ಸೇರಿದವನು
ಓದಬಹುದು, ಆದರೆ ಪಕ್ಕದಲ್ಲಿ ಹೊಸದು ಇರಲಿ. 2024ರ ಜುಲೈ 1ರಿಂದ ಐಪಿಸಿಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. 511 ಸೆಕ್ಷನ್ ಇದ್ದದ್ದು 358 ಆಗಿದೆ. ಕೊಲೆಗೆ ಶಿಕ್ಷೆ 302 ಇದ್ದದ್ದು ಈಗ 103. ಎಲ್ಲರ ಬಾಯಲ್ಲಿರುವ 420 ಈಗ 318ರೊಳಗೆ ಹೋಗಿದೆ. (ಬೈಗುಳ ಮಾತ್ರ ಇನ್ನೂ 420ಯೇ.) ಆ ತಾರೀಕಿಗಿಂತ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಹಾಗಾಗಿ ಕೋರ್ಟಿಗೆ ಹೋದರೆ ಎರಡೂ ಬೇಕು. ಹಳೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ನಂಬರ್ ಬರೆಯುತ್ತಾ ಹೋಗಿ. ನಾನು ಗಲ್ಲೆ ಮೇಲೆ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಹದಿನೈದು ದಿನ ಮಾಡಿದ ಕೆಲಸ ಅದು.

ತತ್ವಗಳು ಬಹುತೇಕ ಅವೇ. ಕೊಲೆಗೂ ಕೊಲೆಯಲ್ಲದ ನರಹತ್ಯೆಗೂ ಏನು ವ್ಯತ್ಯಾಸ ಅನ್ನುವುದು ನನಗೆ ಹತ್ತು ಸಲ ಓದಿದರೂ ಜಾರುತ್ತಿತ್ತು. 1876ರ ಗೋವಿಂದ ಕೇಸ್ ಓದಿದ ಮೇಲೆ ಕೂತಿತು. ಗಂಡ ಹೆಂಡತಿಯನ್ನು ಕೆಡವಿ ಮುಖಕ್ಕೆ ಗುದ್ದುತ್ತಾನೆ, ಅವಳು ಸಾಯುತ್ತಾಳೆ. ಸಾವು ಬರಬಹುದು ಅನ್ನುವುದು ಬೇರೆ, ಆ ಗಾಯದಿಂದ ಸಾಮಾನ್ಯವಾಗಿ ಸಾವೇ ಬರುತ್ತದೆ ಅನ್ನುವುದು ಬೇರೆ. ಇಲ್ಲಿ ಇದ್ದದ್ದು ಮೊದಲನೆಯದು, ಹಾಗಾಗಿ ಬಾಂಬೆ ಹೈಕೋರ್ಟ್ ಅದನ್ನು ಕೊಲೆ ಅನ್ನಲಿಲ್ಲ. ಓದಿದ ದಿನ ಅನ್ನ ಸೇರಲಿಲ್ಲ, ಆದರೆ ಅರ್ಥ ಆಯಿತು.

ಮೈಸೂರು, ಎರಡನೇ ವರ್ಷ
ಟಾರ್ಟಿಗೆ ಬೇರ್ ಆಕ್ಟ್ ಹುಡುಕಿಕೊಂಡು ಅಂಗಡಿ ಸುತ್ತಬೇಡಿ, ನಾನು ಸುತ್ತಿದ್ದೇನೆ 😄 ಅದಕ್ಕೆ ಹಾಗೆ ಒಂದು ಸಂಹಿತೆಯೇ ಇಲ್ಲ, ಹೆಚ್ಚಿನದೆಲ್ಲ ತೀರ್ಪುಗಳಿಂದ ಬಂದದ್ದು. ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕ ಕೇಸ್ (1932), ದೆಹಲಿಯ ಓಲಿಯಂ ಗ್ಯಾಸ್ ಸೋರಿಕೆ ಕೇಸ್ (1986ರ ತೀರ್ಪು) ಇಂಥ ಇಪ್ಪತ್ತು ಕೇಸ್ ಗಟ್ಟಿ ಮಾಡಿಕೊಳ್ಳಿ, ಸಾಕು.

ಧಾರವಾಡ, ಫೈನಲ್ ಇಯರ್
ಭಾಷೆ ಬಗ್ಗೆ ಒಂದು ಮಾತು. ನಮ್ಮ ರಾಜ್ಯ ಕಾನೂನು ವಿವಿಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಸಂಕೋಚ ಬೇಡ. ಆದರೆ ವಾಯ್ಡ್, ವಾಯ್ಡಬಲ್ ಥರದ ಪದಗಳನ್ನು ಹಾಗೇ ಇಟ್ಟುಕೊಳ್ಳಿ. ಮೊದಲನೆಯದು ಹುಟ್ಟಿನಿಂದಲೇ ಸತ್ತದ್ದು, 1903ರ ಮೋಹೊರಿ ಬೀಬಿ ಕೇಸಿನಲ್ಲಿ ಅಪ್ರಾಪ್ತನ ಕರಾರಿಗೆ ಹೇಳಿದ ಹಾಗೆ. ಎರಡನೆಯದು ಬದುಕಿದೆ, ಮೋಸ ಹೋದವನು ಬೇಡ ಅಂದರೆ ಮಾತ್ರ ಸಾಯುತ್ತದೆ.

ಈಗ ಒಂದು ಪ್ರಾಬ್ಲಮ್, ಪುಸ್ತಕ ನೋಡದೆ ಬರೆಯಿರಿ. ರಾಮಪ್ಪನ ನಾಯಿ ಕಳೆದಿದೆ, ತಂದುಕೊಟ್ಟವರಿಗೆ 5,000 ಅಂತ ಪೋಸ್ಟರ್ ಅಂಟಿಸಿದ್ದಾನೆ. ಪಕ್ಕದ ಓಣಿಯ ಸೋಮಪ್ಪ ಪೋಸ್ಟರ್ ನೋಡದೆ ನಾಯಿ ತಂದುಕೊಟ್ಟ, ಮಾರನೇ ದಿನ ಪೋಸ್ಟರ್ ಕಂಡಿತು. ದುಡ್ಡು ಬರುತ್ತದಾ?

ಕೇಳಿದವರು
ಬರಲ್ಲ. ಪೋಸ್ಟರ್ ಅನ್ನುವುದು ಪ್ರಸ್ತಾವ, ಸೆಕ್ಷನ್ 2(ಎ). ಅದು ಸೋಮಪ್ಪನಿಗೆ ಗೊತ್ತಿರಲಿಲ್ಲ, ಹಾಗಾಗಿ ನಾಯಿ ತಂದುಕೊಟ್ಟದ್ದು ಒಪ್ಪಿಗೆ ಆಗುವುದಿಲ್ಲ. ಲಾಲ್ಮನ್ ಶುಕ್ಲಾ, 1913. ಸರಿನಾ ಅಣ್ಣ?

ಧಾರವಾಡ, ಫೈನಲ್ ಇಯರ್
ಸರಿ. ಆದರೆ ಸೆಕ್ಷನ್ 8 ಎಲ್ಲಿ? ಷರತ್ತು ಪೂರೈಸಿದರೆ ಅದೇ ಒಪ್ಪಿಗೆ ಅನ್ನುವುದು ಅಲ್ಲಿದೆ, ಸೋಮಪ್ಪನ ವಕೀಲ ಹಿಡಿಯುವುದೇ ಅದನ್ನು. ಅವನ ವಾದವನ್ನೂ ಬರೆದು, ಆಮೇಲೆ ಉತ್ತರ ಕೊಡಬೇಕು.

ಈಗ ಸ್ವಲ್ಪ ಬದಲಾಯಿಸುತ್ತೇನೆ. ನಾಯಿ ಸಿಕ್ಕಿ ಮನೆಯಲ್ಲಿ ಕಟ್ಟಿಹಾಕಿದ ಮೇಲೆ, ತಂದುಕೊಡುವ ಮೊದಲು, ಸೋಮಪ್ಪ ಪೋಸ್ಟರ್ ನೋಡಿದ. ಈಗ? ನಾಳೆ ಬರೆದು ಹಾಕಿ.