ಬಲಿಪೀಠದ ಹಿಂದಿನ ಗೋಡೆ: ಟೈಲ್ಸೋ, ಚಿತ್ರವೋ, ಬರೀ ಸುಣ್ಣವೋ?

ಕರಾವಳಿ_ಇಗರ್ಜಿ: ಮುರಕಲ್ಲಿನ ಹಳೆಯ ಇಗರ್ಜಿ, ಬಲಿಪೀಠದ ಹಿಂದೆ ಗಾರೆ ಉದುರುತ್ತಿದೆ. ಸಮಿತಿಯಲ್ಲಿ ಅರ್ಧ ಜನ ಸಿಮೆಂಟ್ ಬಳಿದು ಚಿತ್ರ ಮುದ್ರಿಸಿದ ಟೈಲ್ಸ್ ಅಂಟಿಸೋಣ ಅನ್ನುತ್ತಾರೆ. ಉಳಿದವರಿಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಂತೆ ಗೋಡೆಯ ಮೇಲೇ ಚಿತ್ರ ಬೇಕು. ಯಾವುದು ಸರಿ?

ಸುಣ್ಣದ_ಗಡಿಗೆ: ಮೊದಲು ಸಿಮೆಂಟ್ ಬಿಡಿ. ಮುರಕಲ್ಲು ನೆಲದಿಂದ ನೀರು ಹೀರುತ್ತದೆ. ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಸಿಕ್ಕಿಬಿದ್ದ ನೀರು ಉಪ್ಪನ್ನು ಹೊತ್ತು ಮೇಲೇರಿ, ಒಣಗುವಾಗ ಉಪ್ಪು ಹರಳುಗಟ್ಟಿ ಗಾರೆಯನ್ನೇ ಸಿಡಿಸುತ್ತದೆ. ಟೈಲ್ಸ್ ಅಂಟಿಸಿದರೆ ಕೇಡು ಒಳಗೇ ಬೆಳೆಯುತ್ತದೆ, ಬೀಳುವ ದಿನದವರೆಗೂ ಗೊತ್ತಾಗುವುದಿಲ್ಲ.

ಜೆಪ್ಪು_ಹಂಚು: ಗಾರೆ ಸುಣ್ಣದ್ದೇ ಇರಲಿ. ಆದರೆ ಚಿತ್ರ ಯಾಕೆ? ಪ್ರೊಟೆಸ್ಟಂಟರಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅವರ ಪರಂಪರೆಯಲ್ಲಿ ಬಿಳಿ ಗೋಡೆ, ಹಂಚಿನ ಮಾಡು, ಬೈಬಲ್ ವಾಕ್ಯ ಓದುವ ಪೀಠ ಇದ್ದರೆ ಭಕ್ತಿಗೆ ಏನೂ ಕಡಿಮೆಯಿಲ್ಲ. ಆ ಚಾಪೆಲ್‌ನಲ್ಲಿ ಜನ ತಲೆಯೆತ್ತಿ ಚಿತ್ರ ತುಂಬಿದ ಮಾಡು ನೋಡುತ್ತಾರೆ, ಪ್ರಾರ್ಥನೆ ಎಲ್ಲಿ ಹೋಯಿತು?

ಆರಾಧನೆ_ವಿಧಿ: ಪ್ರವಾಸಿಗರು ಮಾಡು ನೋಡುವುದು ಬೇರೆ, ಪೂಜೆಗೆ ಬಂದವರು ನೋಡುವುದು ಬೇರೆ. ಆ ಚಾಪೆಲ್‌ನ ಬಲಿಪೀಠದ ಮೇಲಿನ ಮೂರು ಚಿತ್ರಗಳಲ್ಲಿ ನಡುವಿನದನ್ನು ಗಮನಿಸಿ: ಚಾಪೆಲ್‌ಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊನ್ಜಾಗ ಬಾಲಕನಾಗಿ, ಸಂತ ಚಾರ್ಲ್ಸ್ ಬೊರೊಮಿಯೊ ಕೈಯಿಂದ ಮೊದಲ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಸ್ವೀಕರಿಸುತ್ತಿದ್ದಾನೆ. ಕೆಳಗೆ ಜನ ಅದನ್ನೇ ಮಾಡುತ್ತಾರೆ. ಬಲಕ್ಕೆ ಅವನು ಪ್ಲೇಗ್ ರೋಗಿಗಳ ಸೇವೆಯಲ್ಲಿ. ಸ್ವೀಕರಿಸಿದ್ದನ್ನು ಬೀದಿಗೆ ಒಯ್ಯಬೇಕು ಎಂಬ ಮಾತು ಅಲ್ಲೇ ಇದೆ, ಪ್ರವಚನವೇ ಬೇಡ. ಅಂದಹಾಗೆ, ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 1963ರ ದೈವಾರಾಧನೆಯ ಸಂವಿಧಾನದ 124ನೆಯ ವಿಧಿ ಬೇಡುವುದು ಉದಾತ್ತ ಸೌಂದರ್ಯವನ್ನು, ಬರಿಯ ಆಡಂಬರವನ್ನಲ್ಲ. ಟೈಲ್ಸ್‌ನ ಮಿರುಗು ಎರಡನೆಯದು. ಮೇಣದ ಬತ್ತಿಯಿಂದ ಟ್ಯೂಬ್‌ಲೈಟ್‌ವರೆಗೆ ಎಲ್ಲವನ್ನೂ ಅದು ಕಣ್ಣಿಗೆ ಹೊಡೆಯುವಂತೆ ತಿರುಗಿಸುತ್ತದೆ.

ಜೆಪ್ಪು_ಹಂಚು: ಒಪ್ಪಿದೆ, ಅರ್ಧ. ಆದರೆ ಆ ಕೆಲಸ ಮಾಡಿದ್ದು ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ, ಕಲಿತ ಕಲಾವಿದ. ಬ್ಯಾನರ್ ಬರೆಯುವವರನ್ನು ಕರೆದರೆ ಬಲಿಪೀಠದ ಹಿಂದೆ ಕ್ಯಾಲೆಂಡರ್ ಬರುತ್ತದೆ.

ಸುಣ್ಣದ_ಗಡಿಗೆ: ಅದು ನಿಜವಾದ ಭಯ. ಗೋಡೆಯ ಮೇಲೇ ಚಿತ್ರ ಬೇಕೆಂದರೆ ಫ್ರೆಸ್ಕೊ ಮಾಡಬೇಕು, ಅಂದರೆ ಹಸಿ ಗಾರೆಯ ಮೇಲೆ ಚಿತ್ರ ಬರೆಯುವುದು. ಬೇಯಿಸಿದ ಸುಣ್ಣವನ್ನು ನೀರಿನಡಿ ಕನಿಷ್ಠ 3 ತಿಂಗಳು ಕೊಳೆಸಬೇಕು. ಹಿಂದಿನ ರಾತ್ರಿ ಗೋಡೆ ಚೆನ್ನಾಗಿ ನೆನೆಯಲಿ. ಒರಟು ಪದರಕ್ಕೆ 1 ಪಾಲು ಸುಣ್ಣ, 3 ಪಾಲು ತೊಳೆದ ಹೊಳೆ ಮರಳು, 10–12 ಮಿ.ಮೀ. ದಪ್ಪ, ಕಡಲ ಮರಳು ಬೇಡವೇ ಬೇಡ, ಅದರಲ್ಲೇ ಉಪ್ಪಿದೆ. ಕೊನೆಯ ನುಣ್ಣನೆಯ ಪದರ 3–5 ಮಿ.ಮೀ., ಅದೂ ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ. ಸಿಗುವುದು ಸುಮಾರು 6–8 ಗಂಟೆ. ಬೇಗ ಶುರು ಮಾಡಿದರೆ ಕುಂಚ ಗಾರೆಯನ್ನು ಕೆದಕುತ್ತದೆ, ತಡವಾದರೆ ಬಣ್ಣ ಹಿಡಿಯದೆ ಕೈಗೆ ಪುಡಿಯಾಗಿ ಬರುತ್ತದೆ.

ಬಣ್ಣಗಳೂ ಸುಣ್ಣದ ಕ್ಷಾರ ತಡೆಯಬೇಕು: ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ಇದ್ದಿಲ ಕಪ್ಪು. ಸೀಸದ ಬಿಳಿ ಹಾಕಿದರೆ ಕಪ್ಪಾಗುತ್ತದೆ. ಮೇಲಿನಿಂದ ಕೆಳಗೆ ಬನ್ನಿ, ಇಲ್ಲದಿದ್ದರೆ ಮುಗಿದ ಭಾಗದ ಮೇಲೆ ಸುಣ್ಣದ ಹನಿ ಬೀಳುತ್ತದೆ.

ಕರಾವಳಿ_ಇಗರ್ಜಿ: ಇಷ್ಟೆಲ್ಲ ಬಲ್ಲ ಕೈ ಸಿಗದಿದ್ದರೆ?

ಸುಣ್ಣದ_ಗಡಿಗೆ: ಮೊಸ್ಕೇನಿಯೂ ಚಾಪೆಲ್‌ನಲ್ಲಿ ಎಲ್ಲವನ್ನೂ ಗೋಡೆಗೇ ಬರೆಯಲಿಲ್ಲ, ಕ್ಯಾನ್ವಾಸಿನ ಮೇಲೆ ತೈಲಚಿತ್ರಗಳೂ ಇವೆ. ನೀವೂ ಒಂದೇ ಒಂದು ಕ್ಯಾನ್ವಾಸ್ ಬರೆಸಿ, ಗೋಡೆಗೆ ಅಂಟಿಸದೆ ಹಿಂದೆ ಎರಡು ಬೆರಳು ಗಾಳಿ ಆಡುವಂತೆ ತೂಗುಹಾಕಿ. ಮಳೆಗಾಲದಲ್ಲಿ ಅಂಟಿಸಿದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಜೆಪ್ಪು_ಹಂಚು: ಉಳಿದ ಗೋಡೆ ಬಿಳಿಯೇ ಇರುವುದಾದರೆ ನನ್ನ ತಕರಾರಿಲ್ಲ.

ಆರಾಧನೆ_ವಿಧಿ: ಪರಮಪ್ರಸಾದದ ಪೆಟ್ಟಿಗೆಗಿಂತ ಚಿತ್ರಕ್ಕೆ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳಿ. ಗಾರೆ ಕೆಲಸ ಮಳೆ ನಿಂತು ನವೆಂಬರ್ ಮೇಲೇ ತಾನೇ?

ಸುಣ್ಣದ_ಗಡಿಗೆ: ಹೌದು. ಅದಕ್ಕೂ ಮೊದಲು ಮಾಡಿನ ಸೋರಿಕೆ ಮುಚ್ಚಿ, ಗೋಡೆಯ ಬುಡದ ಮಣ್ಣು ತೆಗೆದು ನೀರು ಹರಿದು ಹೋಗಲು ಕಣಿ ತೋಡಿ.