ಹಕ್ಕಿ ನೋಡೋ ಹುಚ್ಚು ನಿಮಗೂ ಇದ್ಯಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, ಎರಡು ತಿಂಗಳಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗ್ತಿದೀನಿ, ಶುಗರ್‌ಗೋಸ್ಕರ ಅಂತ ಶುರು ಮಾಡಿದ್ದು ಈಗ ಹಕ್ಕಿ ನೋಡೋಕೇ ಹೋಗೋ ಹಾಗಾಗಿದೆ. ನಿನ್ನೆ ಒಂದು ಹೆಜ್ಜಾರ್ಲೆ (ಪೆಲಿಕನ್) ಎರಡೂ ಕಾಲು ಮುಂದೆ ಚಾಚಿ ನೀರ್ ಮೇಲೆ ಜಾರ್ಕೊಂಡು ಬಂದು ಕೂತ್ಕೊಳ್ತು, ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜ ಒಬ್ರು "ನೋಡಮ್ಮ ನೋಡು" ಅಂದ್ರು, ಆಮೇಲೆ ಅರ್ಧ ಗಂಟೆ ಮಾತಾಡ್ತಾ ನಿಂತ್ವಿ. ನಿಮಗೂ ಹವ್ಯಾಸದಿಂದ ಹೀಗೆ ಯಾರಾದ್ರೂ ಹತ್ರ ಆಗಿದಾರಾ?

ಉತ್ತರ 1: ಹೌದು ಮೇಡಂ! ನಾನೂ ನಮ್ಮತ್ತೆನೂ ಹತ್ರ ಆಗಿದ್ದೇ ಇದ್ರಿಂದ. ಹಿತ್ತಲ ದಾಸವಾಳದ ಗಿಡದಲ್ಲಿ ಪಿಕಳಾರ (ಬುಲ್‌ಬುಲ್ ಹಕ್ಕಿ) ಗೂಡು ಕಟ್ಟಿತ್ತು, ಮರಿ ಹಾರೋವರೆಗೂ ಅತ್ತೆ ಆ ಕಡೆ ಬಟ್ಟೆ ಒಣಗಾಕೋಕೆ ಬಿಡ್ಲಿಲ್ಲ, ದಿನಾ ಕಾಫಿ ಲೋಟ ಹಿಡ್ಕೊಂಡು ಇಬ್ರೂ ಕಿಟಕಿ ಹತ್ರನೇ.

ಉತ್ತರ 2: ಒಂದ್ಸಲ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗ್ಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲಾ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ತವೆ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಳು ಅಂತಾರೆ ಊರೋರು. ಫೆಬ್ರವರಿ ಮಾರ್ಚಲ್ಲಿ ಮರಿ ಸಿಗ್ತವೆ ನೋಡೋಕೆ. ರಂಗನತಿಟ್ಟಂತೂ ನಿಮಗೆ ಪಕ್ಕದಲ್ಲೇ ಇದೆ, 1940ರಲ್ಲೇ ಪಕ್ಷಿಧಾಮ ಆಗಿದ್ದು, ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಮಹಾರಾಜರಿಗೆ ಹೇಳಿ ಮಾಡ್ಸಿದ್ದು.

ಉತ್ತರ 3: ಬೈನಾಕ್ಯುಲರ್ ತಗೊಳೋದಾದ್ರೆ 8×42 (ಎಂಟು ಪಟ್ಟು ದೊಡ್ಡದಾಗಿ ತೋರ್ಸೋ, 42 ಮಿ.ಮೀ. ಅಗಲದ ಲೆನ್ಸ್ ಇರೋದು) ತಗೊಳ್ಳಿ, ಕೈ ನಡುಗಿದ್ರೂ ಚೆನ್ನಾಗಿ ಕಾಣತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಎಲ್ರಿಗೂ. ಭಾನುವಾರ ರಂಗನತಿಟ್ಟಿಗೆ ಹೋಗೋಣ ಬನ್ನಿ ಅಂತ ಅಜ್ಜನ್ನ ಇವತ್ತು ಕೇಳ್ದೆ, ಬುತ್ತಿಗೆ ಪುಳಿಯೋಗರೆ ನಾನೇ ತರ್ತೀನಿ ಅಂದ್ರು!